ಸೂಟು

ಗುರುವಾರ. ಬ್ಯಾಡಗಿ ಯಾರ್ಡಿನಾಗ ಗಾಳಿನೂ ಕೆಂಪು.
ಮೂಗಿಗೆ ಟವೆಲ್ಲು, ಎದುರಿಗೆ ಕಾಟಾ.
ಚೀಲಕ್ಕ ಒಂದು ಕೇಜಿ ಸೂಟು ಮುರಿದು
ಉಳಿದದ್ದನ್ನ ಒದರೂದು ನನ್ನ ಕೆಲಸ.

ಬುತ್ತಿ ತಂದ ಮೊಮ್ಮಗಳು ಶಮಶಾದ
ತೂಕದ ಪಟ್ಟಿಯ ಬೆನ್ನಿಗೆ ಒಂದು ರಾಕೆಟ್ ಬರದು
ಕೇಳಿದಳು: ಅಜ್ಜಾ,
ಮಂಗಳಕ್ಕ ಒಂದು ಚೀಲ ಮುಟ್ಟಿಸಾಕ ಬಾಡಿಗಿ ಎಷ್ಟು?
ಹಾವೇರಿಗೆ ಗೊತ್ತು, ಗುಂಟೂರಿಗೂ ಗೊತ್ತು ನನಗ.

ಎಣ್ಣಿ ಹೊರಾಕ ಎಣ್ಣಿ ಬೇಕಂತ,
ಆ ಎಣ್ಣಿ ಹೊರಾಕ ಇನ್ನಷ್ಟು ಎಣ್ಣಿ.
ಎತ್ತಿನ ಮೇವನ್ನ ಎತ್ತಿನ ಬಂಡಿಗೇ ಹೇರಿ
ದಿಲ್ಲಿಗೆ ಹೊಂಟಂಗ: ಬಂಡಿ ತುಂಬ ಮೇವು,
ಮೂಲಿಯೊಳಗ ಮಾಲು, ಒಂದು ಮುಷ್ಟಿ.

ಅದಕ್ಕ ಸೂರ್ಯನ ಒಲಿ ಹೂಡಬೇಕು, ಅಂದಳು.
ನೀರಿನೊಳಗಿನ ಭಾರದ ಕಾಳು ಎರಡು
ಒತ್ತಿ, ಕಾಸಿ, ಒಂದಕ್ಕೊಂದು ಬೆಸದರ
ತೂಕ ಚೂರು ಕಡಿಮಿ ಬೀಳತದ.
ಆ ಕಡಿಮಿ ಬಿದ್ದದ್ದೇ ಬೆಂಕಿ.

ನಾನು ರೊಟ್ಟಿ ಮುರಿಯೂದು ಬಿಟ್ಟೆ.
ಮೂವತ್ತೊಂದು ವರ್ಷ ಕಡಿಮಿ ಬಿದ್ದ ತೂಕಕ್ಕ
ಎರಡೂ ಕಡೆಯವರ ಬೈಗಳ ತಿಂದವ.
ಮುಂಜಾನೆ ನಲವತ್ತೊಂದಿದ್ದ ಚೀಲ
ಸಂಜಿಗೆ ಅರ್ಧ ಕೇಜಿ ಸೋತಿರತದ.
'ಬಿಸಿಲು ತಿಂತ್ರೀ' ಅಂದರ
'ಮಕ್ತುಮಸಾಬ ತಿಂದ' ಅಂದವರೇ ಎಲ್ಲ.
ಬಿಸಿಲೂ ಹಂಗ ತೂಕ ಸೋತು ಸೋತು
ಇಲ್ಲೀತನ ಬರತದಂತ
ಯಾರೂ ಹೇಳಿರಲಿಲ್ಲ ನನಗ.

ಹಂಗಾದರ ಅಗ್ಗ ಆತಲ್ಲ ಬಾಡಿಗಿ?
ಇಲ್ಲಂತ. ಆ ಬೆಂಕಿ ಯಾವ ಪಾತ್ರೆಯಾಗೂ ನಿಲ್ಲೂದಿಲ್ಲ,
ಸುತ್ತ ಅಯಸ್ಕಾಂತ ಹಿಡಿದು ನಿಲ್ಲಬೇಕು,
ಕಾವು ಆರಿಸಾಕ ರೆಕ್ಕಿ, ಕಿರಣಕ್ಕ ಅಡ್ಡಗ್ವಾಡಿ,
ಎಲ್ಲಾ ಟನ್ನಿನ ಲೆಕ್ಕ. ಅದೂ ಮಾಡಿದವರು
ಇನ್ನೂ ಯಾರೂ ಇಲ್ಲ.
ತಿಳೀತು ಬಿಡವಾ, ಅಂದೆ.
ಬೆಂಕಿ ಹಗುರ. ಚೀಲ ಭಾರ.

'ನಾ ಹೊಂಟರ?' ಅಂತ ಕಾಟಾ ಏರಿದಳು.
ನಲವತ್ತೆರಡು. ಒಂದು ಚೀಲ ಡಬ್ಬಿ ಕಾಯಿ.
'ಚಪ್ಪಲಿ ಸೂಟು ಮುರಿ' ಅಂತ ನಕ್ಕಳು.
ಮುರಿದೆ. ಎರಡು ವರ್ಷದ ಗಾಳಿ, ನೀರು, ರೊಟ್ಟಿ ಕೂಡಿಸಿದೆ.
ತಿರುಗಿ ಬರೂ ಬಾಡಿಗಿ ಕೂಡಿಸೂಮುಂದ
ಪೆನ್ಸಿಲ್ ನಿಂತಿತು.
ಪಟ್ಟಿಯ ತಲಿಮ್ಯಾಲೆ ಖರೀದಿದಾರನ ಹೆಸರು ಬರಿಯೂ ಗೆರಿ
ಖಾಲಿ ಇತ್ತು.

ಹಿಂದ ಹಮಾಲ ಫಕ್ಕೀರಪ್ಪ ಚೀಲ ಝಾಡಿಸಿದ.
ಹುಡುಗಿ ಸೀನಿದಳು, ಮತ್ತ ಸೀನಿದಳು.
ಕಾಟಾದ ಕೆಂಪು ಅಂಕಿ
ನಲವತ್ತೊಂದು, ನಲವತ್ತಮೂರು, ನಲವತ್ತು,
ಎಲ್ಲೂ ನಿಲ್ಲವಲ್ದು.