ಷರಾ

ಮೂರು ವರ್ಷದ ಹಿಂದೆ, ಜೊಂಬಾದ ಕಚೇರಿಯಲ್ಲಿ,
ಫ್ಯಾನು ಕೆಟ್ಟ ಒಂದು ಮಧ್ಯಾಹ್ನ
ಚಿಲ್ವಾ ಸರೋವರದ ನಡುವೆ ಗೆರೆ ಎಳೆದವನು ನಾನೇ.
ಸ್ಕೇಲು ಇಟ್ಟು, ಉಸಿರು ಹಿಡಿದು.
ಈಚೆಗೆ ಹದಿನಾಲ್ಕನೇ ವಲಯ,
ಆಚೆಗೆ ಹದಿನೈದು.
ನೀರಿನಲ್ಲಿ ಯಾರಿರುತ್ತಾರಯ್ಯಾ, ಅಂದರು ಸಾಹೇಬರು.
ಯಾರೂ ಇಲ್ಲ ಸರ್, ಅಂದೆ.
ನಕ್ಷೆಯ ನೀಲಿ ಅಷ್ಟು ಚೊಕ್ಕಟವಾಗಿತ್ತು.

ಈಗ ದೋಣಿಯ ಹಿಂತುದಿಯಲ್ಲಿ ಮೊಣಕಾಲು ಮಡಚಿ ಕೂತಿದ್ದೇನೆ.
ಮುಂದೆ ಎಲ್ಲೂಬೆ ನಮಸಾಸು, ಗಣತಿದಾರಳು,
ಮೂರನೇ ತರಗತಿಗೆ ಮಗ್ಗಿ ಹೇಳಿಕೊಡುವವಳು,
ಈಜು ಬಾರದವಳು.
ಟ್ಯಾಬ್ಲೆಟ್ಟನ್ನು ಸಕ್ಕರೆ ಚೀಲದಲ್ಲಿ ಸುತ್ತಿ
ಮಗುವಿನ ಹಾಗೆ ಬೆನ್ನಿಗೆ ಕಟ್ಟಿಕೊಂಡಿದ್ದಾಳೆ.

ಜೊಂಡು ಸರಿಸಿದರೆ, ಮನೆ.
ಜೊಂಡಿನ ಮೇಲೆ ಜೊಂಡು ಹಾಸಿ
ಅದರ ಮೇಲೆ ಗುಡಿಸಲು. ತೇಲುತ್ತದೆ.
ತೇಲುವುದರ ಮೇಲೆ ಒಲೆ ಉರಿಯುತ್ತದೆ,
ಮತೆಂಬಾ ಮೀನು ಒಣಗುತ್ತದೆ ಸೂರಿನುದ್ದಕ್ಕೂ.
ಅದರ ಪಕ್ಕ ಇನ್ನೊಂದು. ಅದರಾಚೆ ಮತ್ತೊಂದು.
ಆಮೇಲೆ ನಾನು ನೋಡುವುದನ್ನು ಬಿಟ್ಟೆ.

ಬಾಗಿಲಿಗೆ ಸೀಮೆಸುಣ್ಣದಲ್ಲಿ ನಂಬರು ಬರೆಯತಕ್ಕದ್ದು.
ಬಾಗಿಲಿಲ್ಲ. ಹುಲ್ಲಿಗೆ ಸುಣ್ಣ ಹತ್ತುವುದಿಲ್ಲ.
ಎಲ್ಲೂಬೆ ಎಣ್ಣೆ ಡಬ್ಬಿಯ ಮುಚ್ಚಳ ಬೇಡಿ ಪಡೆದು
ಮೊಳೆಯಿಂದ ಗೀರಿದಳು: ಹದಿನಾಲ್ಕು, ಮೂವತ್ತೇಳು.
ಬಲೆಯ ದಾರದಲ್ಲಿ ಕಟ್ಟಿದಳು, ಎರಡು ಗಂಟು.

ಗಣತಿಯ ರಾತ್ರಿ, ಅಂದರೆ ಮಂಗಳವಾರ,
ಈ ಸೂರಿನಡಿ ಯಾರು ಯಾರು ಮಲಗಿದ್ದಿರಿ?

ಮುದುಕ ಲಿಕೊಂಗ್ವೆ ಬೆರಳು ಮಡಚತೊಡಗಿದ.
ನಾನು.
ಈ ಮಕ್ವಿನ್ಯಾ.
ಅವನ ತಮ್ಮ ಬ್ವನಾಲಿ.
ಅಡುಗೆಯ ಹುಡುಗ ಅಸೀಬು, ವಯಸ್ಸು ಹನ್ನೆರಡೋ ಹದಿನಾಲ್ಕೋ,
ಸರೋವರ ಬತ್ತಿದ ವರ್ಷ
ಅದರ ಕೆಸರಲ್ಲಿ ನಡೆಯಲು ಕಲಿತವನು.
ಹೆಬ್ಬೆರಳು ಮಾತ್ರ ನಿಂತೇ ಇತ್ತು.

ಸುಮಾನಿ, ಅಂದ ಆಮೇಲೆ.
ಮಂಗಳವಾರ ಸಂಜೆ ದೋಣಿ ಬಿಚ್ಚಿದ.
ಕತ್ತಲಾದ ಮೇಲೆ ಮ್ವೇರಾ ಗಾಳಿ ಎದ್ದಿತು.
ಇವತ್ತು ಶುಕ್ರವಾರ.
ಆ ರಾತ್ರಿ ಎಲ್ಲಿ ಮಲಗಿದನೋ
ನನಗೆ ಹೇಗೆ ಗೊತ್ತಾಗಬೇಕು ಮಗಳೇ.

ಟ್ಯಾಬ್ಲೆಟ್ಟಿನಲ್ಲಿ ಇರುವುದು ಎರಡೇ ಗುಂಡಿ:
ಇದ್ದಾರೆ. ಇಲ್ಲ.
ಇಲ್ಲ ಎಂಬುದನ್ನು ಒತ್ತಿದರೆ ಅದರಡಿಯಿಂದ
ಇನ್ನೊಂದು ಪ್ರಶ್ನೆ ತಲೆ ಎತ್ತುತ್ತದೆ,
ಕಳೆದ ಹನ್ನೆರಡು ತಿಂಗಳಲ್ಲಿ ಮನೆಯಲ್ಲಿ ಸಾವು?
ಎಲ್ಲೂಬೆ ನನ್ನ ಮುಖ ನೋಡಿದಳು.
ನಾನು ಕೈಪಿಡಿ ನೋಡಿದೆ.
ಪುಟ ಅರವತ್ತೆರಡು: ಕಾವಲುಗಾರ, ದಾದಿ, ಮೀನುಗಾರ,
ರಾತ್ರಿ ಕೆಲಸಕ್ಕೆ ಹೋಗಿ ಬೆಳಿಗ್ಗೆ ಮರಳುವವರನ್ನು
ಮನೆಯಲ್ಲೇ ಇದ್ದಂತೆ ಎಣಿಸಿ.
ಯಾವ ಬೆಳಿಗ್ಗೆ ಎಂದು ಬರೆದಿಲ್ಲ.

ಇದ್ದಾರೆ, ಒತ್ತಿದಳು.
ಗಂಡು. ಇಪ್ಪತ್ತಾರು. ಓದು ನಾಲ್ಕನೇ ಇಯತ್ತೆ.
ಕಳೆದ ಏಳು ದಿನದಲ್ಲಿ ದುಡಿದಿದ್ದಾರೆಯೇ?
ಹೌದು, ಅಂದ ಮುದುಕ,
ಯಾರೋ ಸುಮಾನಿಯನ್ನು ಸೋಮಾರಿ ಅಂದ ಹಾಗೆ.

ಮುಗಿಸುವ ಹೊತ್ತಿಗೆ ಟ್ಯಾಬ್ಲೆಟ್ಟು ಕಿರುಗುಟ್ಟಿತು:
ನೀವು ನಿಮ್ಮ ವಲಯದ ಹೊರಗಿದ್ದೀರಿ.
ನಾವು ಕೂತಲ್ಲೇ ಕೂತಿದ್ದೆವು. ಒಲೆಯೂ ಅಲ್ಲೇ ಇತ್ತು.
ನನ್ನ ಗೆರೆ
ಮನೆಯಡಿಯಿಂದ, ಸದ್ದಿಲ್ಲದೆ,
ಒಂದು ಹಾವಿನಂತೆ ದಾಟಿ ಹೋಗಿತ್ತು.

ಹತ್ತು ದಿನ ಕಳೆದು, ಕಚೇರಿ. ಫ್ಯಾನು ಈಗ ಸರಿಯಾಗಿದೆ.
ಹದಿನೈದರ ಗಣತಿದಾರನೂ ಆ ಮನೆ ಎಣಿಸಿದ್ದಾನೆ.
ಮುಚ್ಚಳ ಕಂಡೆನಂತೆ, ಗಾಳಿಗೆ ಬಡಿಯುತ್ತಿತ್ತಂತೆ,
ಹಕ್ಕಿ ಓಡಿಸಲು ಕಟ್ಟಿದ್ದಾರೆ ಅಂದುಕೊಂಡನಂತೆ.
ಅವನ ಪಟ್ಟಿಯಲ್ಲೂ ಐದು ಜನ.
ಸುಮಾನಿ, ಗಂಡು, ಇಪ್ಪತ್ತಾರು.
ಕಳೆದ ಏಳು ದಿನದಲ್ಲಿ ದುಡಿದಿದ್ದಾರೆಯೇ? ಇಲ್ಲ.
ಹೇಳಿದವರು ಯಾರು? ಆ ಜಾಗ ಖಾಲಿ.

ದೋಣಿ ಕಟ್ಟಿ, ಬೆನ್ನು ನೋವೆಂದು ಮಲಗಿದ್ದನೋ,
ಮುದುಕ ಈ ಸಲ
ಹೌದು ಅನ್ನಲಾರದೆ ಹೋದನೋ.
ಕೇಳಿ ಬರಲು ದೋಣಿಯ ಭತ್ಯೆ ಮುಗಿದಿದೆ.

ಎರಡರಲ್ಲಿ ಒಂದು ಸುಮಾನಿಯನ್ನು ಅಳಿಸಬೇಕು.
ಹದಿನಾಲ್ಕರಲ್ಲಿ ದುಡಿದವನನ್ನೋ,
ಹದಿನೈದರಲ್ಲಿ ಸುಮ್ಮನಿದ್ದವನನ್ನೋ.
ಕಾರಣ ಬರೆಯಿರಿ ಎಂದು ಸಾಹೇಬರ ಟಿಪ್ಪಣಿ.
ಬೆರಳು ಗುಂಡಿಯ ಮೇಲಿಟ್ಟು
ಚಹಾ ತಣ್ಣಗಾಗುವ ತನಕ ಕೂತೆ.
ಆಮೇಲೆ ಷರಾ ಕಾಲಂನಲ್ಲಿ ಬರೆದೆ:
ಗಾಳಿ.