ಏಳನೇ ಕೊಳವೆ

ಮೊದಲು ತಿಳಿದದ್ದು
ಕ್ವಿತೇರಿಯಾ ಮಾಯ್‌ಳ ಗಂಜಿಗೆ.
ವಾಸ್ಕೋದ ಗುಡ್ಡದ ಇಳಿಜಾರಲ್ಲಿ, ಬಾವಿಯಿದ್ದ ಮನೆ;
ಮುಚ್ಚಳ ತೆಗೆದರೆ ಗ್ಯಾರೇಜಿನ ವಾಸನೆ ಬಂತಂತೆ.
ವಯಸ್ಸಾಯಿತಲ್ಲ ಮೂಗಿಗೂ, ಅಂತ ಸೊಸೆ ನಕ್ಕಳಂತೆ.
ನಾಲ್ಕನೇ ದಿನ ಕೊಡದ ನೀರಿನ ಮೇಲೆ
ನವಿಲಿನ ಕುತ್ತಿಗೆಯ ಬಣ್ಣ ತೇಲಿತು.
ಸೊಸೆ ನಗಲಿಲ್ಲ.

ಹೀಗೆ ಬಂದೆವು ನಾವು: ನಾನು, ಯಾದಗಿರಿ ಕಡೆಯ ಹಯ್ಯಾಳಪ್ಪ,
ಟೆಂಪೋದ ಮೇಲೊಂದು ಕೊರೆಯುವ ಯಂತ್ರ,
ಐಸು ತುಂಬಿದ ಮೀನಿನ ಪೆಟ್ಟಿಗೆಯಲ್ಲಿ
ಕಂದು ಬಾಟಲಿಗಳು,
ಒಂದೊಂದಕ್ಕೂ ಹೆಸರು, ವೇಳೆ, ನನ್ನ ಸಹಿ.
ಬಾಟಲಿಯೊಳಗೆ ಗಾಳಿಗುಳ್ಳೆ ಉಳಿಯಬಾರದು.
ಉಳಿದರೆ ವಿಷ ಅದರಲ್ಲಿ ಹೋಗಿ ಕೂತು
ಮುಚ್ಚಳ ಬಿಚ್ಚಿದ ಕೂಡಲೇ ಎದ್ದು ನಡೆಯುತ್ತದೆ,
ನೀರು ಏನೂ ಅರಿಯದವಳ ಹಾಗೆ ನಿಂತಿರುತ್ತದೆ.

ಮೇಲೆ ರಸ್ತೆ ಪಕ್ಕ ಲೋಟಲೀಕರ್ ಅವರ ಪೆಟ್ರೋಲ್ ಬಂಕು.
ನೆಲದಲ್ಲಿ ಟ್ಯಾಂಕು ಹೂತು ಮೂವತ್ತೊಂದು ವರ್ಷ.
ರೆಜಿಸ್ಟರು ತೋರಿಸಿದರು, ಚಹಾ ತರಿಸಿದರು:
ದಿನಕ್ಕೆ ಹನ್ನೆರಡು ಲೀಟರು ಕಮ್ಮಿ, ಕಾರಣ 'ಆವಿ'.
ಆಷಾಢದ ಮಳೆಯಲ್ಲೂ 'ಆವಿ', ದುಂಡು ಅಕ್ಷರದಲ್ಲಿ.
ಆಕಾಶದ ಲೆಕ್ಕಕ್ಕೆ ಬರೆದದ್ದು
ಪಾತಾಳದ ಖಾತೆಗೆ ಜಮೆಯಾಗುತ್ತಿತ್ತು.

ಜಂಬಿಟ್ಟಿಗೆಯ ನೆಲ. ಜೇನುಗೂಡಿನಂಥ ಕಲ್ಲು.
ಒಂದು ತೂತಿಗೆ ಹೇಳಿದ್ದು ಹತ್ತು ತೂತಿಗೆ ಕೇಳುತ್ತದೆ.
ಆರು ಕೊಳವೆ ಇಳಿಸಿದೆವು, ಆರರಲ್ಲೂ ಬರೀ ನೀರು.
ಏಳನೆಯದಕ್ಕೆ ಟೇಪು ಬಿಟ್ಟೆ.
ತುದಿಗೆ ನೀರು ತಾಕಿದರೆ ಅದು ಬಿಟ್ಟು ಬಿಟ್ಟು ಕೂಗುತ್ತದೆ,
ಎಣ್ಣೆಯಾದರೆ ಒಂದೇ ಉಸಿರಿಗೆ.
ಹನ್ನೊಂದು ಮೀಟರು ನಲವತ್ತಕ್ಕೆ ಎದ್ದ ಕೂಗು
ಒಂದು ಗೇಣು ಇಳಿಯುವವರೆಗೂ
ನಿಲ್ಲಲಿಲ್ಲ.
ಮಾಯ್ ಶಿಲುಬೆ ಹಾಕಿಕೊಂಡಳು.
ಹಯ್ಯಾಳಪ್ಪ ಕಿವಿಯ ಸಂದಿಯಿಂದ ಬೀಡಿ ತೆಗೆದ,
ನೋಡಿದ, ಮತ್ತೆ ಅಲ್ಲೇ ಸಿಕ್ಕಿಸಿದ.
"ನಮ್ಮೂರಾಗ ನೀರು ಬಿದ್ರ ಕಾಯಿ ಒಡೀತಾರ್ರೀ ಮೇಡಮ್.
ಇದಕ್ಕ ಏನು ಒಡೀಬೇಕು?"

ಗೊತ್ತಿರಲಿಲ್ಲ. ೧೧.೪೦ ಎಂದು ಬರೆದೆ.
ಹತ್ತು ನಿಮಿಷಕ್ಕೆ ಮೂಗು ಒಗ್ಗಿಹೋಗಿತ್ತು,
ವಾಸನೆಗೆ ನಮೂನೆಯಲ್ಲಿ ಕಾಲಂ ಇಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು.
ನೀರು ಏರಿತು, ಏಳನೆಯದರಲ್ಲಿ ಎಣ್ಣೆ ಮಾಯ.
ಲೋಟಲೀಕರ್ ಪೇಡೆ ಹಂಚಿದರು,
ನಮ್ಮ ಆಫೀಸು 'ಶುದ್ಧ' ಎಂಬ ಪತ್ರ ಟೈಪು ಮಾಡಿಸಿತು.
ಸಹಿ ಹಾಕದೆ ಉಳಿದದ್ದು ಧೈರ್ಯದಿಂದಲ್ಲ,
ಬೇಸಗೆಯವರೆಗೆ ಕಾಯೋಣ ಎಂದೆ, ತಲೆ ಎತ್ತದೆ.
ಏರುವ ನೀರು ಎಣ್ಣೆಯನ್ನು
ಕಲ್ಲಿನ ಕಣ್ಣುಕಣ್ಣಿಗೂ ಸವರಿ
ಮೇಲೆ ತಾನೇ ಹೊದ್ದು ಮಲಗಿತ್ತು.
ಮಾರ್ಚಿನಲ್ಲಿ ಅದು ಇಳಿದಾಗ
ಟೇಪು ಮತ್ತೆ ಒಂದೇ ಉಸಿರಿಗೆ.

ಟ್ಯಾಂಕು ಅಗೆದು ಎತ್ತಿದೆವು. ತಳದಲ್ಲಿ ತೂತು,
ಸಾಸಿವೆ ಕಾಳಿನಷ್ಟು.
ಹಯ್ಯಾಳಪ್ಪ ಕಿರುಬೆರಳು ಇಟ್ಟು ಮುಚ್ಚಿ
ನನ್ನ ಮುಖ ನೋಡಿದ.

ಈಗ ಪಂಪು ರಾತ್ರಿಯೆಲ್ಲ ಎಳೆಯುತ್ತದೆ.
ನಾವು ನೆಲಕ್ಕೆ ಗಾಳಿ ಊದುತ್ತೇವೆ
ಕಣ್ಣಿಗೆ ಬೀಳದ ಜೀವಗಳಿಗಾಗಿ.
ಅವು ಮೊದಲಿನಿಂದ ಅಲ್ಲೇ ಇದ್ದವು,
ಎಣ್ಣೆ ತಿನ್ನುತ್ತಲೇ ಇದ್ದವು,
ಉಸಿರು ಕಟ್ಟಿತ್ತು, ಅಷ್ಟೆ.

ಎಷ್ಟು ವರ್ಷ, ಎಂದಳು ಮಾಯ್, ಕೊಂಕಣಿಯಲ್ಲಿ.
ಆರು, ಎಂದೆ.
ವರದಿಯಲ್ಲಿ ಆರರಿಂದ ಹದಿನೈದು ಎಂದಿತ್ತು.
ಅವಳಿಗೆ ಎಪ್ಪತ್ತೊಂಬತ್ತು.

ಟ್ಯಾಂಕರಿನ ಕೊಡ ಕೆಳಗಿಟ್ಟು
ಸ್ಟೂಲು ಹತ್ತಿದಳು, ಸೊಸೆ ಸೊಂಟ ಹಿಡಿದಳು.
ರಾಟೆ ತುಕ್ಕು ಹಿಡಿಯಬಾರದಲ್ಲ ಅಷ್ಟರಲ್ಲಿ,
ಬೆರಳದ್ದಿ ತೆಂಗಿನೆಣ್ಣೆ ಸವರಿದಳು.
ಒಂದು ಹನಿ ಜಾರಿ ಬಾವಿಗೆ ಬಿತ್ತು.

ನೋಡಿದೆ.
ಬರೆಯಲಿಲ್ಲ.