ಓರೆ ಅಕ್ಷ

ಮೇದಾರ ಕೇರಿಯ ಜಗುಲಿಯಲ್ಲಿ
ಕೇತಮ್ಮತ್ತೆ ಅರ್ಧ ಹೆಣೆದಿಟ್ಟ ಕುಕ್ಕೆ.
ಅದರ ಆರು ಮೂಲೆಯ ಕಣ್ಣಿಂದ ಕಣ್ಣಿಗೆ
ಮಡಚಿ ಮಡಚಿ ಹೊರಳುವ ಒಂದು ಗೆರೆ;
ನನ್ನ ಲೆಕ್ಕದ ಪುಸ್ತಕಕ್ಕೆ ಅದು ಬರಲೊಲ್ಲದು.

ನೆಟ್ಟಗೆ ಅಕ್ಷ ಎಳೆದಾಗೆಲ್ಲ
ಮೂರರ ವರ್ಗಮೂಲ ಸಿಬಿರಿನಂತೆ ಚುಚ್ಚಿತು.
"ನಾಕು ಮೂಲೆ ಹಿಡ್ಕೊಂಡು ಯಾಕೆ ಕೂತಿ?
ದಬ್ಬೆ ಹೋದ ಕಡೆ ನೋಡು,
ಓರೆಯಾಗಿ."

ಓರೆಯಾಗಿ ನೋಡಿದೆ.
ಏಳು ಹೆಜ್ಜೆಗೆ ಎರಡು, ಒಂದು.
ನಲವತ್ತೊಂಬತ್ತಕ್ಕೆ ಮೂರು, ಐದು.
ಮುನ್ನೂರ ನಲವತ್ತಮೂರು ಹೆಜ್ಜೆ ಸುತ್ತಿ
ಒಂದು, ಹದಿನೆಂಟು.
ಇಷ್ಟು ಅಲೆದರೂ ಒಂದು ಅಂಕಿಯೂ ಸೀಳಲಿಲ್ಲ!

ಹೊಳೆಯಾಚೆ ತಾಳಗುಪ್ಪದ ರೈಲು ಕೂಗಿತು.
ಅತ್ತೆ ನನ್ನ ಪಟ್ಟಿಯನ್ನು ತಿರುವಿ, ಮತ್ತೆ ತಿರುವಿ,
"ಚೆನ್ನಾಗೇ ಬಂದಿದೆ," ಅಂದಳು.
"ಇದರೊಳಗೆ ಏನು ತುಂಬ್ತೀಯ,
ಮೀನೋ, ಕೋಳಿಮರಿಯೋ?"